ಒಂದೇ ಕಡೆ ನೋಡುವ ಜಿಂಕೆಗಳು

ನಮ್ಮ ಬೀದಿಯಲ್ಲಿ ಗುಂಡಿ ಕಿತ್ತುಹೋದ ಅಂಗಿ ಹಾಕಿಕೊಂಡು ಓಡಾಡುವ ಗಂಡಸು ಯಾರಾದರೂ ಇದ್ದರೆ ಅದು ನಾನೊಬ್ಬನೇ. ಮಜಾ ಏನೆಂದರೆ, ನನ್ನ ಹೆಂಡತಿಯದು ಗುಂಡಿ ಅಂಗಡಿ. ಗುಂಡಿ, ದಾರ, ಜಿಪ್ಪು, ಕೊಕ್ಕೆ, ಲೇಸು, ಇಷ್ಟೇ ವ್ಯಾಪಾರ. ಅಂಗಡಿ ಎಷ್ಟು ಕಿರಿದೆಂದರೆ ಇಬ್ಬರು ಗಿರಾಕಿಗಳು ಒಳಗೆ ನಿಂತರೆ ಮೂರನೆಯವರು ಬೀದಿಯಲ್ಲೇ ನಿಂತು ಕೂಗಿ ಕೇಳಬೇಕು. ಗೋಡೆ ತುಂಬ ಪುಟ್ಟ ಪುಟ್ಟ ಖಾನೆಗಳು. ಪ್ರತಿ ಖಾನೆಯ ಮುಂದೆ ಒಳಗಿರುವ ಗುಂಡಿಯದೇ ಒಂದು ಮಾದರಿಯನ್ನು ದಾರದಲ್ಲಿ ಕಟ್ಟಿರುತ್ತಾಳೆ. ಕೋಟಿನ ಗುಂಡಿ ಕಳೆದುಹೋಯಿತು ಅಂತ ಯಾರಾದರೂ ಬಂದರೆ, ಉಳಿದ ಗುಂಡಿಯನ್ನು ಬೆರಳ ನಡುವೆ ಒಂದು ಸಲ ತಿರುಗಿಸಿ, ಹಿಂದಕ್ಕೆ ತಿರುಗಿಯೂ ನೋಡದೆ ಕೈ ಚಾಚಿ ಸರಿಯಾದ ಖಾನೆಯನ್ನೇ ಎಳೆಯುತ್ತಾಳೆ. ಬೀದಿಗೆಲ್ಲ ಅವಳು ಗುಂಡಿಯಕ್ಕ. ನನ್ನ ಅಂಗಿಯ ವಿಷಯ ಎತ್ತಿದರೆ ಮಾತ್ರ, "ಸೂಜಿ ಅಲ್ಲೇ ಇದೆ, ದಾರ ಅಲ್ಲೇ ಇದೆ, ಕೈ ನಿಮ್ಮ ಹತ್ತಿರಾನೇ ಇದೆ" ಅನ್ನುತ್ತಾಳೆ.

ನಾನು ಮನೆಗಳಿಗೆ ಬಣ್ಣ ಬಳಿಯುವವನು. ಬಾಯಿ ಜಾಸ್ತಿ, ಕೋಪ ಮೂಗಿನ ತುದಿಯಲ್ಲಿ. ಏಣಿ ಮೇಲೆ ನಿಂತು ಊರವರ ಮೇಲೆಲ್ಲ ಗೊಣಗುತ್ತೇನೆ, ಅದು ನಿಜ. ಆದರೆ ಈ ಹೆಂಗಸಿನ ವಿಷಯ ಬಂದರೆ ಜಂಬ ಕೊಚ್ಚಿಕೊಳ್ಳದೆ ಇರಲು ನನ್ನಿಂದ ಆಗುವುದಿಲ್ಲ. ಕೊಚ್ಚಿಕೊಳ್ಳಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ ಎದ್ದುಹೋಗಬಹುದು.

ಅಂಗಡಿಯ ಹಿಂದಿನ ಕೋಣೆಯಲ್ಲಿರುವ ಗುಂಡಿಗಳು ಮಾರಾಟಕ್ಕಿಲ್ಲ. ಅವು ಬ್ರಿಟಿಷ್ ಸೈನ್ಯದವು. ಗುಂಡಿಗಳ ಜೊತೆಗೆ ಟೋಪಿಯ ಬಿಲ್ಲೆಗಳಿವೆ, ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಹಿತ್ತಾಳೆ ಅಕ್ಷರಗಳಿವೆ, ಹಾವಿನಂತೆ ಬಳುಕಿದ ಸೊಂಟಪಟ್ಟಿಯ ಕೊಂಡಿಗಳಿವೆ. ಗುಂಡಿ ಉಜ್ಜುವಾಗ ಬಟ್ಟೆಗೆ ಮಸಿ ಹತ್ತದಿರಲೆಂದು ಸೈನಿಕರು ಗುಂಡಿಯ ಹಿಂದೆ ತೂರಿಸಿಕೊಳ್ಳುತ್ತಿದ್ದ, ನಡುವೆ ಸೀಳಿರುವ ಹಿತ್ತಾಳೆ ಪಟ್ಟಿಯೂ ಒಂದಿದೆ. ಬಿಲ್ಲೆಯ ಮೇಲಿನ ಕಿರೀಟ ನೋಡಿ ಅದು ರಾಣಿಯ ಕಾಲದ್ದೋ ರಾಜನ ಕಾಲದ್ದೋ ಹೇಳುತ್ತಾಳೆ. ಹಿಂಭಾಗ ತಿರುಗಿಸಿ, ಇದು ಅಚ್ಚೊತ್ತಿದ ಅಸಲಿ, ಇದು ಯಾರೋ ಮರಳಲ್ಲಿ ಎರಕ ಹೊಯ್ದ ನಕಲಿ ಎಂದು ಬೇರೆ ಬೇರೆ ಇಡುತ್ತಾಳೆ. ಹೊಸದಾಗಿ ಮದುವೆಯಾದಾಗ ನಾನು ರೇಗಿಸಿದ್ದೆ.

"ಇಲ್ಲದ ಸೈನ್ಯದ ಗುಂಡಿ ಇಟ್ಕೊಂಡು ಯಾರ ಮೇಲೆ ಯುದ್ಧಕ್ಕೆ ಹೋಗ್ತೀಯೇ?"

"ಮೊದಲು ನಿಮ್ಮ ಮೇಲೆ. ಆಮೇಲೆ ನೋಡೋಣ."

ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದಳು. "ನಾನು ಸೈನ್ಯ ಇಟ್ಕೊಂಡಿಲ್ಲ ರೀ. ಅಪ್ಪ ಬೆಂಕಿಯಿಂದ ಉಳಿಸಿದ್ದನ್ನ ಇಟ್ಕೊಂಡಿದೀನಿ."

ಅವಳಪ್ಪ, ಅಂದರೆ ನನ್ನ ಮಾವ, ಹಿತ್ತಾಳೆ ಎರಕದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಗುಜರಿ ಹಿತ್ತಾಳೆ ಮೂಟೆಗಟ್ಟಲೆ ಬರುತ್ತಿತ್ತು. ನಲ್ಲಿ, ಕೀಲು, ಒಡೆದ ಪಾತ್ರೆ, ಅವುಗಳ ನಡುವೆ ಆಗೊಂದು ಈಗೊಂದು ಹಳೆಯ ಸೈನ್ಯದ ಗುಂಡಿ. ಎಲ್ಲವೂ ಕರಗಲು ಹೋಗುವುದು ಒಂದೇ ಮೂಸೆಗೆ. ಮಾವನಿಗೆ ಅದನ್ನು ಸಹಿಸಲಾಗಲಿಲ್ಲ. ಗುಂಡಿಯ ಮೇಲಿನ ಬರಹ ಅವರಿಗೆ ಓದಲು ಬರುತ್ತಿರಲಿಲ್ಲ, ಆದರೆ ಯಾರೋ ಕೂತು ಇಷ್ಟು ಸೂಕ್ಷ್ಮವಾಗಿ ಅಚ್ಚು ಕೊರೆದಿದ್ದಾರೆ ಅನ್ನುವುದು ಕಾಣುತ್ತಿತ್ತು. ಸುಮ್ಮನೆ ಜೇಬಿಗೆ ಹಾಕಿಕೊಂಡರೆ ಕಳ್ಳತನ. ಅದಕ್ಕೆ ಅವರು ಕಂಡುಕೊಂಡ ಉಪಾಯ ಏನೆಂದರೆ, ಗುಂಡಿ ಎಷ್ಟು ತೂಗುತ್ತದೋ ಅಷ್ಟೇ ಹಿತ್ತಾಳೆಯನ್ನು ಮನೆಯಿಂದ ತಂದು ಮೂಸೆಗೆ ಹಾಕುವುದು. ಮೊದಲು ಅತ್ತೆಯ ಸೌಟು ಹೋಯಿತು. ಆಮೇಲೆ ಬೀರುವಿನ ಹಿಡಿಗಳು. ಕೊನೆಗೆ ಬಚ್ಚಲ ಬಾಗಿಲ ಚಿಲಕವೂ ಮಾಯವಾಗಿ, ಒಳಗಿದ್ದವರು ಸ್ನಾನ ಮುಗಿಯುವ ತನಕ ಜೋರಾಗಿ ಹಾಡುತ್ತಲೇ ಇರಬೇಕಾಯಿತಂತೆ. ನನ್ನ ಹೆಂಡತಿಯ ಕಂಠ ಅಷ್ಟು ಗಟ್ಟಿಯಾಗಿರುವುದಕ್ಕೆ ಅದೇ ಕಾರಣ ಎಂದು ನಾನು ಅಂದುಕೊಂಡಿದ್ದೇನೆ.

ಮಾವ ಮಕ್ಕಳಿಬ್ಬರಿಗೂ ಒಂದು ಪಾಠ ಕಲಿಸಿದ್ದರು. ಗುಂಡಿಯನ್ನು ಎಂದೂ ಉಜ್ಜಬಾರದು. ಅದರ ಮೇಲೆ ಆಗಲೇ ಒಬ್ಬ ಮನುಷ್ಯನ ಬೆರಳಿದೆ ಅನ್ನುತ್ತಿದ್ದರು. ಸೈನಿಕ ದಿನವೂ ಉಜ್ಜಿದ ಗುಂಡಿಯಲ್ಲಿ ಉಬ್ಬಿದ ಭಾಗ ಮಾತ್ರ ನುಣ್ಣಗೆ ಸವೆದಿರುತ್ತದೆ, ತಗ್ಗುಗಳಲ್ಲಿ ಕಪ್ಪು ಹಾಗೇ ಉಳಿದಿರುತ್ತದೆ. ಯಂತ್ರದ ಚಕ್ರಕ್ಕೆ ಕೊಟ್ಟರೆ ಹಾಗಲ್ಲ, ತಗ್ಗು ಉಬ್ಬು ಎಲ್ಲ ಒಂದೇ ಸಮ ಹೊಳೆದು, ಮೈತುಂಬ ಒಂದೇ ದಿಕ್ಕಿನ ಸಣ್ಣ ಗೆರೆಗಳು ಬೀಳುತ್ತವೆ. ನನ್ನ ಹೆಂಡತಿ ಕಣ್ಣಿಗೆ ಭೂತಗನ್ನಡಿ ಹಿಡಿದು ಈ ವ್ಯತ್ಯಾಸವನ್ನು ನನಗೂ ತೋರಿಸಿದ್ದಾಳೆ. ತೋರಿಸುವಾಗ ಅವಳ ದನಿ ತನ್ನಷ್ಟಕ್ಕೆ ಸಣ್ಣದಾಗುತ್ತದೆ. "ನೋಡಿ, ಇಲ್ಲಿ ಅವನ ಹೆಬ್ಬೆರಳು ಓಡಾಡಿದೆ."

ಮಾವ ತೀರಿಹೋದ ಮೇಲೆ ಡಬ್ಬಿಗಳನ್ನೆಲ್ಲ ಊಟದ ಮೇಜಿನ ಮೇಲೆ ಸುರಿದು ಪಾಲು ಮಾಡಿದರು. ಪಾಲು ಮಾಡಿದವರು ಮಾವನ ತಂಗಿ, ನನ್ನ ಹೆಂಡತಿಯ ಸೋದರತ್ತೆ. ಎರಡು ಪಾಲು. ಒಂದು ನನ್ನ ಹೆಂಡತಿಗೆ, ಒಂದು ಅವಳ ತಮ್ಮನಿಗೆ. ಅದರಲ್ಲಿ ನಾಲ್ಕು ಪುಟ್ಟ ಜಿಂಕೆಗಳಿದ್ದವು. ಕೋಟಿನ ಕೊರಳಪಟ್ಟಿಗೆ ಸಿಕ್ಕಿಸುವಂಥವು, ಒಂದು ಪಡೆಯ ಗುರುತು. ಜಿಂಕೆಯ ಕೊರಳಲ್ಲಿ ಪುಟಾಣಿ ಕಿರೀಟ, ಅದರಿಂದ ಬೆನ್ನ ಮೇಲೆ ಬಳುಕುವ ಸರಪಳಿ. ಕಾರ್ಖಾನೆಯಿಂದ ಮಾವ ಮೊಟ್ಟಮೊದಲು ಉಳಿಸಿ ತಂದದ್ದೇ ಅವುಗಳನ್ನು. ಅತ್ತೆಯ ಸೌಟು ಹೋದದ್ದು ಅವುಗಳಿಗೇ. ಸೋದರತ್ತೆ ಕನ್ನಡಕ ಏರಿಸಿ, "ಇವೆರಡೂ ಒಂದೇ ಥರ ಇವೆ, ನಿನಗೆ. ಇವೆರಡೂ ಒಂದೇ ಥರ ಇವೆ, ನಿನಗೆ. ಜಗಳ ಆಡಬೇಡಿ" ಎಂದು ಹಂಚಿದರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಜಗಳ ಆಮೇಲೆ ಆಯಿತು. ನನ್ನ ಭಾವಮೈದುನ ಬೀಗ ರಿಪೇರಿಯವನು. ಬಸ್ ನಿಲ್ದಾಣದ ಪಕ್ಕ ಡಬ್ಬದಂಥ ಅಂಗಡಿ, ಒಳಗೆ ಬೀಗದ ಕೈ ಕೊರೆಯುವ ಯಂತ್ರ, ಪಕ್ಕದಲ್ಲೇ ಹೊಳಪು ಕೊಡುವ ಚಕ್ರ. ಒಂದು ದಿನ ಅವನಿಗೆ ಏನನ್ನಿಸಿತೋ, ತನ್ನ ಪಾಲಿನ ಗುಂಡಿಗಳಲ್ಲಿ ಒಂದು ತಟ್ಟೆಯಷ್ಟನ್ನು ಚಕ್ರಕ್ಕೆ ಕೊಟ್ಟು, ಚಿನ್ನದ ಹಾಗೆ ಮಿರಮಿರ ಮಿಂಚಿಸಿ, ಅಂಗಡಿಯ ಗಾಜಿನ ಹಿಂದೆ ಜೋಡಿಸಿಟ್ಟ. ಅಪ್ಪನ ವಸ್ತು ಎಲ್ಲರೂ ನೋಡಲಿ ಎಂಬ ಆಸೆ, ಪಾಪ. ನನ್ನ ಹೆಂಡತಿ ಆ ದಾರಿಯಲ್ಲಿ ಹೋದವಳು ನೋಡಿದಳು. ಗುಂಡಿಗಳ ಮೇಲಿದ್ದ ಪಡೆಯ ಸಂಖ್ಯೆಗಳೇ ಅಳಿಸಿಹೋಗಿದ್ದವು. ಪಿತ್ತ ನೆತ್ತಿಗೇರಿತು.

"ಅಪ್ಪನ ಜೀವಮಾನದ ಕೆಲಸನೇ ಅಳಿಸಿ ಹಾಕಿದ್ಯಲ್ಲೋ! ಇನ್ನು ಮುಂದೆ ಅಪ್ಪನ ವಸ್ತು ಅಂತ ನನ್ನ ಮುಂದೆ ಬಾಯಿ ಬಿಡಬೇಡ!"

"ನಿನ್ನವು ಮಸಿ ಹಿಡಿದಿವೆ, ನನ್ನವು ಹೊಳೀತಿವೆ. ಹೊಟ್ಟೆಉರಿ ಅಷ್ಟೇ ನಿನಗೆ!"

ಬಸ್ ಕಾಯುತ್ತಿದ್ದವರೆಲ್ಲ ಬಸ್ ಬಿಟ್ಟು ಇವರನ್ನೇ ನೋಡಿದರು. ಅಂದಿನಿಂದ ಅಕ್ಕ ತಮ್ಮ ಎದುರಾದರೆ ಊಟ ಆಯ್ತಾ, ಆಯ್ತು, ಅಷ್ಟೇ. ವರ್ಷಗಟ್ಟಲೆ ಹಾಗೇ ನಡೆಯಿತು. ನಾನು ನಡುವೆ ಬಾಯಿ ಹಾಕಿ ಎರಡೂ ಕಡೆಯಿಂದ ಬೈಸಿಕೊಂಡದ್ದೇ ಬಂತು.

ಹೋದ ವರ್ಷ ನಮ್ಮ ಗ್ರಂಥಾಲಯದಲ್ಲಿ ಒಂದು ಪ್ರದರ್ಶನ ಇಟ್ಟರು. ಊರಿನ ಜನ ಸಂಗ್ರಹಿಸಿದ್ದನ್ನು ಊರಿಗೇ ತೋರಿಸುವುದು. ಅಂಚೆಚೀಟಿಯವರು, ನಾಣ್ಯದವರು, ಬೆಂಕಿಪೊಟ್ಟಣದವರು, ಎಲ್ಲರೂ. ಗ್ರಂಥಪಾಲಕಿ ನನ್ನ ಹೆಂಡತಿಯ ಹಳೆಯ ಗಿರಾಕಿ. ಅಂಗಡಿಗೇ ಬಂದು, "ನಡುವಿನ ಮೇಜು ನಿಮಗೇ" ಎಂದರು. ಅವತ್ತು ನನ್ನ ಹೆಂಡತಿ ನೆಲದ ಮೇಲೆ ಕಾಲಿಡಲಿಲ್ಲ. ಇಷ್ಟು ವರ್ಷ ಹಿಂದಿನ ಕೋಣೆಯಲ್ಲಿ ಒಬ್ಬಳೇ ಕೂತು ನೋಡಿದ್ದನ್ನು ಊರು ನೋಡುತ್ತದೆ. ಅವಳಿಗೆ ಬೇಕಿದ್ದದ್ದು ತನ್ನ ಹೆಸರಲ್ಲ. ಮೂಸೆಯ ಮುಂದೆ ಬೆವರು ಸುರಿಸಿ, ಬಚ್ಚಲ ಚಿಲಕ ಕಿತ್ತುಕೊಟ್ಟು ಅಪ್ಪ ಉಳಿಸಿದ್ದು ಏನು ಅನ್ನುವುದು ಒಂದು ದಿನವಾದರೂ ನಾಲ್ಕು ಜನಕ್ಕೆ ಕಾಣಬೇಕು, ಒಂದು ಕೊರತೆಯೂ ಇಲ್ಲದೆ ಕಾಣಬೇಕು, ಅಷ್ಟೇ.

ನಾನು ಹಲಗೆ ಮಾಡಿಕೊಟ್ಟೆ. ಅಂಚಿಗೆ ಕಪ್ಪು ಬಣ್ಣ, ಎರಡು ಕೋಟು, ಉಪ್ಪುಕಾಗದದಲ್ಲಿ ತಿಕ್ಕಿ ಮತ್ತೊಂದು ಕೋಟು. ಮುಟ್ಟಿದರೆ ಗಾಜು ಮುಟ್ಟಿದ ಹಾಗಿರಬೇಕು. ಸುಮ್ಮನೆ ಹೇಳುತ್ತಿಲ್ಲ, ಬೇಕಾದರೆ ಬಂದು ಮುಟ್ಟಿ ನೋಡಿ. ಅವಳು ಅದರ ಮೇಲೆ ಉಣ್ಣೆಬಟ್ಟೆ ಹಾಸಿ ಗುಂಡಿಗಳನ್ನು ಹೊಲಿದಳು. ಜಿಂಕೆಗಳಿಗೆ ಮಾತ್ರ ವಿಶೇಷ ಮರ್ಯಾದೆ. ಅವು ಹಲಗೆಯ ಮೇಲೆ ಬೇಡ, ಸೈನಿಕ ಹಾಕಿಕೊಳ್ಳುತ್ತಿದ್ದ ಹಾಗೇ ಇರಲಿ ಎಂದು ಕೆಂಪು ಕೋಟಿನ ಮೇಲ್ಭಾಗವೊಂದನ್ನು ಹೊಲಿದು, ಅದಕ್ಕೆ ನೀಲಿ ಕೊರಳಪಟ್ಟಿ ನಿಲ್ಲಿಸಿ, ದರ್ಜಿಗಳ ಬೊಂಬೆಗೆ ತೊಡಿಸಿದಳು. ಎಡಕ್ಕೊಂದು, ಬಲಕ್ಕೊಂದು ಜಿಂಕೆ ಸಿಕ್ಕಿಸಿ ಹಿಂದೆ ಸರಿದು ನಿಂತಳು.

"ಏನೇ, ಈ ಜಿಂಕೆ ಯಾಕೆ ಆ ಜಿಂಕೆಯ ಹಿಂದೆ ಹೊರಟಿದೆ?" ಅಂದೆ ನಾನು.

ತಮಾಷೆಗೆ ಅಂದದ್ದು. ಅವಳು ನಗಲಿಲ್ಲ. ಒಂದು ಜಿಂಕೆ ಕೋಟಿನ ಗಂಟಲ ಕಡೆ ನೋಡುತ್ತಿತ್ತು. ಇನ್ನೊಂದು ಗಂಟಲಿಗೆ ಬೆನ್ನು ಹಾಕಿ ಭುಜದ ಕಡೆ ನೋಡುತ್ತಿತ್ತು. ಅದನ್ನು ತಿರುಗಿಸಿ ಇಟ್ಟಳು, ಜಿಂಕೆ ಕಾಲು ಮೇಲೆ ಮಾಡಿ ಬಿದ್ದುಕೊಂಡಿತು. ಓಡಿಹೋಗಿ ಹಳೆಯ ಚಿತ್ರಗಳ ಪುಸ್ತಕ ತಂದು ಬಿಚ್ಚಿದಳು. ಅದರಲ್ಲಿನ ಸೈನಿಕರ ಕೊರಳಲ್ಲಿ ಪ್ರಾಣಿಗಳು ಎರಡು ಕಡೆಯಿಂದಲೂ ಗಂಟಲಿಗೇ ಮುಖ ಮಾಡಿ, ಒಂದನ್ನೊಂದು ನೋಡುತ್ತ ನಿಂತಿದ್ದವು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಕೊರಳಿನ ಜೋಡಿ ಅಂದ್ರೆ ಒಂದೇ ಥರ ಇರೋದಲ್ಲ ರೀ, ಎದುರುಬದುರು ಇರೋದು!"

ದಿನಾ ಬೆಳಗ್ಗೆಯಿಂದ ಸಂಜೆಯವರೆಗೆ ಒಂದರ ಹಾಗೇ ಇರುವ ಇನ್ನೊಂದನ್ನು ಹುಡುಕಿಕೊಡುವುದೇ ಅವಳ ಕೆಲಸ. ಒಂದೇ ಥರ ಇದ್ದರೆ ಜೋಡಿ ಎನ್ನುವುದು ಅವಳ ಕಣ್ಣಿಗೆ ಅಂಟಿಕೊಂಡುಬಿಟ್ಟಿದೆ. ಡಬ್ಬಿಯಲ್ಲಿ ಒಂದರ ಕೆಳಗೊಂದು ಇಟ್ಟಿದ್ದ ಜಿಂಕೆಗಳು ಎಷ್ಟು ಚೆನ್ನಾಗಿ ಹೊಂದುತ್ತವೆ ಎಂದು ಖುಷಿಪಟ್ಟೇ ವರ್ಷಗಳನ್ನು ಕಳೆದಿದ್ದಳು. ಗುಂಡಿ ಅಂಗಡಿಯವಳಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು. ಮಾವ ಇಟ್ಟದ್ದು ಎರಡು ಜೋಡಿ. ಸೋದರತ್ತೆ ಎರಡನ್ನೂ ಮುರಿದು ಹಂಚಿದ್ದರು. ಇವಳ ಪಾಲಿನ ಎರಡೂ ಎಡಕ್ಕೆ ನೋಡುತ್ತಿವೆ, ಹಾಗಾದರೆ ಬಲಕ್ಕೆ ನೋಡುವ ಎರಡೂ ಜಿಂಕೆಗಳು ಎಲ್ಲಿರಬೇಕು? ಅದನ್ನು ಬಾಯಿಬಿಟ್ಟು ಹೇಳುವುದು ಬೇಕಿರಲಿಲ್ಲ.

"ಹೋಗಿ ಕೇಳೋಣ" ಅಂದೆ.

"ಅವನನ್ನ? ನಾನಾ?" ಅಂದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು.

ಭಾವಮೈದುನ ಒಂದು ಬೀಗದ ಕೈಯನ್ನು ಅರದಿಂದ ಉಜ್ಜುತ್ತಿದ್ದ. ಅಕ್ಕನನ್ನು ಕಂಡರೂ ಮಾತು ನನ್ನ ಕಡೆಗೇ.

"ಏನು ಭಾವ, ಬೀಗ ಕೆಟ್ಟೋಯ್ತಾ?"

"ಬೀಗ ಸರಿಯಾಗೇ ಇದೆ. ಕೆಟ್ಟಿರೋದು ಬೇರೆ" ಎಂದು ಇವಳೇ ಉತ್ತರ ಕೊಟ್ಟು, ತನ್ನದೊಂದು ಜಿಂಕೆಯನ್ನು ಅವನ ಮುಂದಿಟ್ಟಳು. "ನಿನ್ನ ಹತ್ತಿರ ಇರೋ ಎರಡೂ ಈ ಕಡೆ ನೋಡ್ತವೆ ತಾನೇ? ನನ್ನ ಎರಡೂ ಆ ಕಡೆ. ಅತ್ತೆ ತಪ್ಪು ಹಂಚಿದಾರೆ ಕಣೋ. ನಾವಿಬ್ಬರೂ ಸುಮ್ಮನೆ ಕೂತು ನೋಡಿದೀವಿ. ಒಂದು ನೀನು ಕೊಡು, ಒಂದು ನಾನು ಕೊಡ್ತೀನಿ. ಅಪ್ಪನದು ಸರಿಹೋಗುತ್ತೆ."

ಅವನು ಅರ ಕೆಳಗಿಟ್ಟ. ಒಂದು ಕೈ ಜೇಬಿಗೆ ಹೋಯಿತು. ಹೋದದ್ದು ಹೊರಗೆ ಬರಲೇ ಇಲ್ಲ.

"ಆಗಲ್ಲ ಅಕ್ಕಾ."

"ಯಾಕಾಗಲ್ಲ?"

"ಆಗಲ್ಲ ಅಂದ್ನಲ್ಲ. ನನ್ನ ಹತ್ತಿರ ಇರೋದು… ನೀನು ನೋಡಿದ್ರೆ ಬೈತೀಯ."

ಇವಳ ಮುಖ ಕೆಂಪಾಯಿತು. "ಚಕ್ರಕ್ಕೆ ಕೊಟ್ಟೆ ತಾನೇ? ಜಿಂಕೆನೂ ಬಿಡಲಿಲ್ಲ ಅಲ್ವಾ?"

"ಹಾಗೇ ಅಂದ್ಕೋ ಹೋಗು!"

ಹಿಂದಿನ ಸಲದ ಹಾಗೇ ಬಸ್ಸಿನವರಿಗೆಲ್ಲ ಇನ್ನೊಂದು ನಾಟಕ ಸಿಕ್ಕಿತು ಎಂದು ನಾನು ಹೆದರಿದೆ. ಇವಳು ಹಲ್ಲು ಕಚ್ಚಿ ನಿಂತಳು. ಆಮೇಲೆ ತನ್ನ ಜಿಂಕೆಯನ್ನು ಬೆರಳ ತುದಿಯಿಂದ ಅವನ ಕಡೆ ತಳ್ಳಿದಳು. "ಇಟ್ಕೋ. ನಿನ್ನ ಪಾಲಿನದು ಇದು. ನೀನು ಕೊಡದಿದ್ರೆ ಬಿಡು, ನಿನ್ನ ಜೋಡಿ ಆದ್ರೂ ಸರಿಯಾಗಿರಲಿ."

ದಾರಿಯುದ್ದಕ್ಕೂ ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಂಡು ನಡೆದಳು. "ಸರಪಳಿನೂ ಹೋಗಿರುತ್ತೆ, ಕಣ್ಣೂ ಹೋಗಿರುತ್ತೆ ರೀ. ಅಪ್ಪ ಮೊದಲು ತಂದದ್ದು."

"ಮತ್ತೆ ನಿನ್ನದನ್ನ ಯಾಕೆ ಕೊಟ್ಟು ಬಂದೆ?"

"ಅಪ್ಪ ಇದ್ದಿದ್ರೆ ಅವನಿಗೇ ಕೊಡ್ತಿದ್ರು."

ನನಗೆ ಆ ಕ್ಷಣದಲ್ಲಿ ಎದೆ ಉಬ್ಬಿತು. ಬೇರೆಯವರಾಗಿದ್ದರೆ ಕೊಡದವನ ಮುಖಕ್ಕೆ ಬೈದು, ತಮ್ಮದನ್ನು ತಿರುಗಿ ಜೇಬಿಗೆ ಹಾಕಿಕೊಂಡು ಬರುತ್ತಿದ್ದರು. ನಾನಂತೂ ಖಂಡಿತ ಹಾಗೇ ಮಾಡುತ್ತಿದ್ದೆ.

ಪ್ರದರ್ಶನದ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ ನಮ್ಮ ಮೇಜಿನ ಸುತ್ತ ಬಗ್ಗಿ ಬಗ್ಗಿ ನೋಡುತ್ತಿದ್ದರು. ಹಲಗೆಯನ್ನು ಯಾರು ಮಾಡಿದ್ದು ಎಂದು ಯಾರೂ ಕೇಳದಿದ್ದರೂ ನಾನೇ ಎಲ್ಲರಿಗೂ ಹೇಳಿದೆ. ಬಚ್ಚಲ ಚಿಲಕದ ಕಥೆಗೆ ಜನ ಬಿದ್ದು ಬಿದ್ದು ನಕ್ಕರು. ಆದರೆ ಎಲ್ಲರ ಕಣ್ಣೂ ಕೊನೆಗೆ ಬೊಂಬೆಯ ಕೊರಳಲ್ಲಿ ನಿಲ್ಲುತ್ತಿತ್ತು. ಒಂದು ಕಡೆ ಜಿಂಕೆ, ಇನ್ನೊಂದು ಕಡೆ ನೀಲಿ ಬಟ್ಟೆಯಲ್ಲಿ ಬರೀ ಎರಡು ತೂತು. ಗ್ರಂಥಪಾಲಕಿ ಹತ್ತಿರ ಬಂದು, ಬೊಂಬೆಯನ್ನು ಸ್ವಲ್ಪ ಗೋಡೆಯ ಕಡೆ ತಿರುಗಿಸಿದರೆ ಖಾಲಿ ಜಾಗ ಕಾಣುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

"ಬೇಡ ಮೇಡಂ. ಖಾಲಿ ಇದೆ ಅಂದ್ರೆ ಇದೆ. ಮುಚ್ಚಿಡೋಕೆ ನಾನೇನೂ ಕದ್ದಿಲ್ಲ."

ಇದರ ಜೋಡಿ ಎಲ್ಲಿ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ. "ನನ್ನ ತಮ್ಮನ ಹತ್ತಿರ ಇದೆ." ಕಳೆದುಹೋಯಿತು ಅನ್ನಲಿಲ್ಲ. ಹಾಳು ಮಾಡಿದ ಅನ್ನಲಿಲ್ಲ. ಕತ್ತು ನೆಟ್ಟಗೆ ಮಾಡಿ, ತಮ್ಮ ಅನ್ನುವ ಮಾತನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದಳು.

ಮಧ್ಯಾಹ್ನ ಅದೇ ಉತ್ತರವನ್ನು ಇನ್ಯಾರಿಗೋ ಹೇಳುತ್ತಿದ್ದಾಗ ಅವನು ಬಂದು ಜನರ ಹಿಂದೆ ನಿಂತಿದ್ದ. ಉಗುರು ಸಂದಿಯಲ್ಲಿ ಎಣ್ಣೆ, ತಲೆ ಮಾತ್ರ ನೀಟಾಗಿ ಬಾಚಿತ್ತು. ಕೇಳಿಸಿಕೊಂಡ ಎಂದು ಅವನ ಮುಖವೇ ಹೇಳುತ್ತಿತ್ತು. ಮುಂದೆ ಬಂದು, ಕಾಗದದ ಪೊಟ್ಟಣ ಬಿಚ್ಚಿ, ಒಂದು ಜಿಂಕೆಯನ್ನು ಅಕ್ಕನ ಅಂಗೈಗೆ ಹಾಕಿದ. ಕಪ್ಪಗೆ, ಮಾವ ಬಿಟ್ಟುಹೋದ ಹಾಗೇ ಇತ್ತು. ಸರಪಳಿಯ ಒಂದೊಂದು ಕೊಂಡಿಯೂ ಎದ್ದು ಕಾಣುತ್ತಿತ್ತು. ಚಕ್ರದ ಗಾಳಿಯೂ ಅದಕ್ಕೆ ತಾಗಿರಲಿಲ್ಲ.

"ಇದು ತಗೋ. ಇದು ಚೆನ್ನಾಗಿದೆ" ಅಂದ.

ಇವಳ ಮುಖ ಅರಳಿತು. ಆದರೆ ನನ್ನ ಹೆಂಡತಿಯನ್ನು ಕೇಳಬೇಕೇ? ಸರಿಯಾದದ್ದು ಕೈಗೆ ಬಂದರೂ ಇನ್ನೊಂದು ಎಲ್ಲಿ ಎಂದು ಹುಡುಕುವ ಕಣ್ಣು ಅದು. "ಇನ್ನೊಂದು?"

"ಅದು ಬೇಡ ಬಿಡು."

"ತೆಗಿ."

ಅವನು ಜೇಬಿನಿಂದ ತೆಗೆದ. ಅದು ಜಿಂಕೆಯೆಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಗೊತ್ತಾಗಬೇಕು. ಕಣ್ಣಿಲ್ಲ, ಕಿವಿ ಮೊಂಡಾಗಿದೆ, ಬೆನ್ನ ಮೇಲೆ ಸರಪಳಿ ಇದ್ದ ಜಾಗ ಸಮ ಸಪಾಟು. ಇವಳು ಬಾಯಿ ತೆರೆದಳು. ಬೈಗುಳ ಬಂತು ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬರಲಿಲ್ಲ. ಭೂತಗನ್ನಡಿ ತೆಗೆದು, ಜಿಂಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿದಳು. ಮತ್ತೆ ತಿರುಗಿಸಿದಳು. ಒಂದೇ ದಿಕ್ಕಿನ ಗೆರೆಗಳು ಎಲ್ಲೂ ಇರಲಿಲ್ಲ. ಉಬ್ಬಿದ್ದ ಕಡೆಯಲ್ಲಿ ಮಾತ್ರ ನುಣುಪು, ಕಾಲುಗಳ ಸಂದಿಯಲ್ಲಿ, ಕತ್ತಿನ ಕೆಳಗೆ ಹಳೆಯ ಕಪ್ಪು ಹಾಗೇ ಇತ್ತು.

"ಇದು ಚಕ್ರ ಅಲ್ಲ ಕಣೋ" ಅಂದಳು. ದನಿ ಸಣ್ಣದಾಗಿತ್ತು.

"ಚಕ್ರ ಅಂತ ನಾನೆಲ್ಲಿ ಅಂದೆ? ನೀನೇ ಅಂದಿದ್ದು."

"ಯಾವಾಗಿನಿಂದ?"

"ಅಪ್ಪ ಹೋದಾಗಿನಿಂದ. ಬೀಗದ ಕೈ ಗೊಂಚಲಿಗೆ ಹಾಕ್ಕೊಂಡಿದ್ದೆ. ಅಂಗಡಿ ತೆಗೆಯೋವಾಗ, ಹಾಕೋವಾಗ, ಗಿರಾಕಿ ಇಲ್ಲದೆ ಸುಮ್ಮನೆ ಕೂತಾಗ, ಬೆರಳು ತಾನಾಗೇ ಅದರ ಮೇಲೆ ಹೋಗುತ್ತೆ. ಉಜ್ಜಬೇಕು ಅಂತ ಅಲ್ಲ ಅಕ್ಕಾ. ಸವೆದೋಯ್ತು. ಅದಕ್ಕೇ ಹೇಳಿದ್ದು, ನೋಡಿದ್ರೆ ಬೈತೀಯ ಅಂತ."

ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣಲ್ಲಿ ನೀರು ಬಂತು.

ಇವಳು ಆ ಚೆನ್ನಾಗಿದ್ದ ಜಿಂಕೆಯನ್ನು ಪೊಟ್ಟಣಕ್ಕೆ ಹಾಕಿ ತಮ್ಮನ ಕೈಗೇ ಹಿಂದಕ್ಕೆ ಕೊಟ್ಟಳು. ಸವೆದದ್ದನ್ನು ಕೊರಳಪಟ್ಟಿಯ ಖಾಲಿ ತೂತುಗಳಿಗೆ ಸಿಕ್ಕಿಸಿ, ಹಿಂದಿನಿಂದ ಪಿನ್ನು ಭದ್ರಪಡಿಸಿದಳು. ಒಂದು ಕಡೆ ಕಪ್ಪು ಜಿಂಕೆ, ಒಂದು ಕಡೆ ನುಣುಪು ಜಿಂಕೆ, ಎರಡೂ ಗಂಟಲಿಗೆ ಮುಖ ಮಾಡಿ ಒಂದನ್ನೊಂದು ನೋಡಿಕೊಂಡು ನಿಂತವು.

"ಅಕ್ಕಾ, ಹುಚ್ಚಾ ನಿನಗೆ? ಒಳ್ಳೇದನ್ನ ಹಾಕು!"

ಗ್ರಂಥಪಾಲಕಿಯೂ ಇನ್ನೊಂದೇ ಹೆಚ್ಚು ಹೊಂದುತ್ತದೇನೋ ಎಂದರು.

"ದಿನಾ ಹೊಂದಿಸೋದೇ ನನ್ನ ಕೆಲಸ ಮೇಡಂ" ಅಂದಳು ಇವಳು. "ಇದೇ ಹೊಂದೋದು."

ಆಮೇಲೆ ಬಂದವರಲ್ಲಿ ಒಬ್ಬರು, ಇದನ್ನು ಯಾರೋ ಉಜ್ಜಿ ಹಾಳು ಮಾಡಿದ್ದಾರಲ್ಲ ಎಂದು ಬಾಯಿ ತಪ್ಪಿ ಅಂದರು. ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು, "ಹಾಳಲ್ಲ ಸ್ವಾಮೀ. ನನ್ನ ತಮ್ಮನ ಹೆಬ್ಬೆರಳು ಅದು. ನಿಧಾನವಾಗಿ ನೋಡಿ" ಎಂದಳು. ಪಕ್ಕದಲ್ಲೇ ನಿಂತಿದ್ದ ತಮ್ಮ ಎತ್ತ ನೋಡಬೇಕೆಂದು ತಿಳಿಯದೆ ನನ್ನ ಹಲಗೆಯ ಬಣ್ಣವನ್ನು ಹೊಗಳಲು ಶುರುಮಾಡಿದ. ನಾನು ತಡೆಯಲಿಲ್ಲ.

ಅಂಗಡಿ ತೆಗೆಯಬೇಕು, ಹೊರಡುತ್ತೇನೆ ಎಂದು ಅವನು ಬೀಗದ ಕೈ ಗೊಂಚಲು ತೆಗೆದ. ಗೊಂಚಲಿನಲ್ಲಿ, ಹತ್ತಾರು ಬೀಗದ ಕೈಗಳ ನಡುವೆ ತಿಕ್ಕಾಡುತ್ತ, ನನ್ನ ಹೆಂಡತಿ ಅವನ ಅಂಗಡಿಯಲ್ಲಿ ಬಿಟ್ಟುಬಂದಿದ್ದ ಜಿಂಕೆ ನೇತಾಡುತ್ತಿತ್ತು. ಧೂಳು ಒರೆಸಲೂ ನನ್ನನ್ನು ಹತ್ತಿರ ಬಿಡದೆ, ಬರಿಗೈಯಲ್ಲಿ ಮುಟ್ಟಬೇಡಿ ಎಂದು ಕಿರುಚಿ, ವರ್ಷಗಟ್ಟಲೆ ಹತ್ತಿಯಲ್ಲಿ ಸುತ್ತಿ ಕಾಪಾಡಿದ್ದ ಜಿಂಕೆ.

ಅವಳು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿ, ಗೊಂಚಲನ್ನು ಹಿಂದಕ್ಕೆ ಮರೆಮಾಡಲು ಹೋದ. ಅವಳು ಅವನ ಕೈ ಹಿಡಿದು ಮುಂದಕ್ಕೆ ಎಳೆದು, ಗೊಂಚಲಿನ ಉಂಗುರಕ್ಕೆ ಜಿಂಕೆಯನ್ನು ಸಿಕ್ಕಿಸಿದ್ದ ಪುಟ್ಟ ಕೊಂಡಿಯನ್ನು ಉಗುರಿನಿಂದ ಅಲ್ಲಾಡಿಸಿ ಪರೀಕ್ಷಿಸಿದಳು.

"ಗಟ್ಟಿಯಾಗಿದೆ ತಾನೇ? ಬೀಳಿಸ್ಕೋಬೇಡ."

"ಇದೂ ಸವೆದೋಗುತ್ತಲ್ಲಕ್ಕಾ?"

"ಸವೀಲಿ" ಅಂದಳು. "ಕೈಯಲ್ಲೇ ಸವೀಲಿ."